ಶಾಂತವ್ವನ ಹೆಸರಿನ ಉಡಿ

ಇವತ್ತು ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ನೀರು ಚಿಮುಕಿಸಿದೆ. ನಲ್ಲಿ ಬಂದಿತ್ತು, ಹಂಡೆ, ಕೊಡ ಎಲ್ಲ ತುಂಬಿಟ್ಟೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ನುಚ್ಚಿನಲ್ಲಿ ಹರಳು ಆರಿಸಿದೆ, ಮೆಂತ್ಯ ಪಲ್ಯ ಬಿಡಿಸಿದೆ, ರೊಟ್ಟಿ ಬಡಿದೆ. ಹರಿದ ದಿಂಬಿನ ಚೀಲಕ್ಕೆ ಎರಡು ಹೊಲಿಗೆ ಹಾಕಿದೆ. ಆಮೇಲೆ ಯಜಮಾನರ ಊಟದ ಡಬ್ಬಿ ಹಿಡಿದು ಟಂಟಂ ಗಾಡಿ ಹತ್ತಿ ಗಂಗಾವತಿಗೆ, ನಮ್ಮ ಗೊಬ್ಬರದ ಅಂಗಡಿಗೆ ಹೋದೆ. ಇವತ್ತು ಗುರುವಾರ. ಬಜಾರಿನಲ್ಲಿ ಲೋಬಾನದ ಧೂಪ ಹಾಕುವ ಫಕೀರ ಸಾಹೇಬರು ನವಿಲುಗರಿ ಬೀಸಿಕೊಂಡು ಅಂಗಡಿಯಿಂದ ಅಂಗಡಿಗೆ ಬರುತ್ತಿದ್ದರು. ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಗೂ ಹೊಗೆ ತೋರಿಸಿದರು.

ಆ ವಾಸನೆ ಮೂಗಿಗೆ ಬಡಿದ ಕೂಡಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಯಾಕ, ತಲಿ ತಿರುಗಿತೇನು?" ಎಂದರು ಯಜಮಾನರು.

"ಇಲ್ಲ, ಬಿಸಿಲು" ಎಂದೆ. ಬಿಸಿಲಲ್ಲ. ನಮ್ಮ ಮನೆಯ ಹಾಸಿಗೆ, ಸೀರೆ, ಗೋಧಿಯ ಡಬ್ಬಿಯಲ್ಲೂ ಒಮ್ಮೆ ಇದೇ ವಾಸನೆ ಕೂತಿತ್ತು. ತೊಳೆದರೂ ಹೋಗಿರಲಿಲ್ಲ.

ಅದು ನಮ್ಮ ಮನೆಯಲ್ಲಿ ಧಾರಾವಾಹಿ ಶೂಟಿಂಗ್ ನಡೆದ ವರ್ಷ. ಕಾಲುವೆಗೆ ನೀರು ಬಿಟ್ಟಾಗ ಬಂದವರು ಭತ್ತ ತೆನೆ ಬಾಗುವ ಹೊತ್ತಿಗೆ ಹೋದರು. ನಮ್ಮದು ಹಳೆಯ ಮಾಳಿಗೆ ಮನೆ; ಮಣ್ಣಿನ ಮೇಲ್ಛಾವಣಿ, ನಡುವೆ ಬೆಳಕಿಂಡಿ, ಪಡಸಾಲೆಯಲ್ಲಿ ನಾಲ್ಕು ಕಂಬ. ಊರಿನಲ್ಲಿ ಉಳಿದವರೆಲ್ಲ ಕೆಡವಿ ಸ್ಲ್ಯಾಬ್ ಹಾಕಿಸಿಕೊಂಡಿದ್ದರು. ನಾವು ಹಾಕಿಸಿರಲಿಲ್ಲ, ಅಷ್ಟೇ. ಅದನ್ನು ಹುಡುಕಿಕೊಂಡು ನಾಗವೇಣಿ ಬಂದಳು.

ನಾಗವೇಣಿ ಹುಲಿಹೈದರದ ಕಡೆಯ ಹುಡುಗಿ. ಬೆಂಗಳೂರಿನಲ್ಲಿ ಬೇರೆಯವರ ಧಾರಾವಾಹಿಗಳಿಗೆ ವರ್ಷಗಟ್ಟಲೆ ಮಾತು ಬರೆದು, ಮೊದಲ ಸಲ ತನ್ನದೇ ಕಥೆಯನ್ನು ತಾನೇ ನಿಂತು ತೆಗೆಯುವ ಅವಕಾಶ ಪಡೆದಿದ್ದಳು. ಕಥೆ ಅವಳ ಅಕ್ಕ ಶಾಂತವ್ವನದು. ಶಾಂತವ್ವನನ್ನು ಕೊಟ್ಟದ್ದು ನಮ್ಮ ಊರಿಗೇ, ನಮ್ಮ ಓಣಿಗೇ. ನಾನೂ ಅವಳೂ ಹೆಚ್ಚುಕಡಿಮೆ ಒಟ್ಟಿಗೆ ಸೊಸೆಯಂದಿರಾಗಿ ಬಂದವರು. ಒಟ್ಟಿಗೆ ಬಟ್ಟೆಯ ಗಂಟು ಹೊತ್ತು ಕಾಲುವೆಗೆ ಹೋಗುತ್ತಿದ್ದೆವು. ಅವಳು ಮಳೆ ನಂಬಿದ ಊರಿನಲ್ಲಿ ಹುಟ್ಟಿದವಳು. ಹರಿಯುವ ನೀರು ಕಂಡರೆ ಅವಳಿಗೆ ಮದುವೆಮನೆಗೆ ಬಂದಂತೆ ಆಗುತ್ತಿತ್ತು. ಕಾಲು ಇಳಿಬಿಟ್ಟು ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ಪಾಚಿಗಟ್ಟಿದ ಪಾವಟಿಗೆಯಲ್ಲಿ ಕಾಲು ಜಾರಿತು. ಮುಂದಿನ ತೂಬಿನ ಹತ್ತಿರ ಸಿಕ್ಕಳು. ಅಷ್ಟೇ ನಡೆದದ್ದು.

ಊರಿಗೆ ಅಷ್ಟು ಸಾಕಾಗಲಿಲ್ಲ. ಮೊದಲು ಹಾರಿಕೊಂಡಳು ಎಂದರು. ಆಮೇಲೆ ಸಂಜೆ ಹಸಿ ಸೀರೆಯಲ್ಲಿ ಕೂತಿರುತ್ತಾಳೆ ಎಂದರು. ಮಕ್ಕಳನ್ನು ಮಲಗಿಸಲು ಅವಳ ಹೆಸರು ಬಳಕೆಗೆ ಬಂತು. ಅವಳ ತಾಯಿ ಬಸಮ್ಮ ಒಮ್ಮೆ ಕನಕಗಿರಿ ಬಸ್ಸಿನಲ್ಲಿ ಕೂತಿದ್ದಾಗ, ಪಕ್ಕದ ಹೆಂಗಸು ರಚ್ಚೆ ಹಿಡಿದ ಮಗುವಿಗೆ, "ಸುಮ್ನಿರು, ಕಾಲುವಿ ಶಾಂತವ್ವ ಬರ್ತಾಳ" ಎಂದಳಂತೆ. ಬಸಮ್ಮ ಮುಂದಿನ ಸ್ಟಾಪಿನಲ್ಲಿ ಇಳಿದು, ಬಿಸಿಲಲ್ಲಿ ನಡೆದೇ ಊರು ಸೇರಿದಳು.

ನಾಗವೇಣಿ ಅಕ್ಕನ ಕಥೆ ಬರೆಯುತ್ತೇನೆಂದು ಕೇಳಿದಾಗ ತಾಯಿ ಒಂದೇ ಮಾತು ಹೇಳಿದ್ದು. ನಾಗವೇಣಿಯೇ ನನ್ನ ಅಡಿಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತ ಹೇಳಿದಳು: "ಬೇಕಾದ್ದು ಬರಿ ಅಂದ್ಲಕ್ಕಾ ನಮ್ಮವ್ವ. ಹೆಸರೂ ಆಕಿದಽ ಇಡು, ಸಾಯೋದೂ ಬರಿ. ನಮ್ಮಾಕಿನ್ನ ದೆವ್ವ ಮಾಡಬ್ಯಾಡ ಅಂದ್ಲು. ಆತು ಅಂತ ಮಾತು ಕೊಟ್ಟೀನಿ."

ಊರವರ ಬಾಯಲ್ಲಿ ದೆವ್ವವಾದವಳನ್ನು ಮತ್ತೆ ಮನುಷ್ಯಳಾಗಿ ಮಾಡುವುದು, ಅದಕ್ಕೇ ಈ ಧಾರಾವಾಹಿ. ಹೀಗೆಂದು ನನಗೆ ಅವತ್ತೇ ತಿಳಿದಿತ್ತು. ಹಾಗಾಗಿ ಮನೆ ಕೊಟ್ಟೆವು.

ಶಾಂತವ್ವನ ಪಾತ್ರಕ್ಕೆ ಸಿಂಚನಾ ಎಂಬ ಬೆಂಗಳೂರಿನ ಹುಡುಗಿ ಬಂದಳು. ಅವಳಿಗೆ ನಮ್ಮ ಮಾತು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. 'ಐತಿ' ಅನ್ನು ಎಂದರೆ 'ಐತೆ' ಅನ್ನುತ್ತಿದ್ದಳು. ಪಡಸಾಲೆಯ ಮೂಲೆಯಲ್ಲಿ ಕೂತ ನಮ್ಮ ಅತ್ತೆ, "ಬಾಯಾಗ ಕಲ್ಲಸಕ್ರಿ ಇಟ್ಕೊಂಡಂಗ ಮಾತಾಡಬ್ಯಾಡವಾ, ಉಗುಳು, ಆಮ್ಯಾಲೆ ಮಾತಾಡು" ಎನ್ನುತ್ತಿದ್ದಳು. ಹುಡುಗಿ ನಕ್ಕು ಮತ್ತೆ ಹೇಳುತ್ತಿದ್ದಳು. ದನದ ಕೊಟ್ಟಿಗೆಯಲ್ಲಿ ಜನರೇಟರ್, ಬೆಳಕಿಂಡಿಗೆ ಕಪ್ಪು ಬಟ್ಟೆ, ಎಲ್ಲಿ ಕಾಲಿಟ್ಟರೂ ವೈರು. ಅತ್ತೆ ಕೆಮ್ಮಿದರೆ ಮತ್ತೊಂದು ಸಲ ತೆಗೆಯಬೇಕು. ಕೊನೆಗೆ ಅವಳಿಗೆ ಬಾಯಲ್ಲಿ ಲವಂಗ ಇಟ್ಟುಕೊಂಡು ಕೂರಲು ಹೇಳಿದರು.

ಚಾನೆಲ್ ಕಡೆಯಿಂದ ಮೇಘನಾ ಎಂಬವರು ಆಗಾಗ ಬರುತ್ತಿದ್ದರು. ಚಿಕ್ಕ ವಯಸ್ಸು, ಮೆತ್ತಗಿನ ಮಾತು, ಏನು ಮಾಡಿಟ್ಟರೂ ಮೊಸರನ್ನ ಮಾತ್ರ ತಿನ್ನುತ್ತಿದ್ದರು. ಅವರು ಬರದಿದ್ದಾಗ ಫೋನು. ಗುರುವಾರ ಬೆಂಗಳೂರಿನಿಂದ ಟಿಆರ್‌ಪಿ ನಂಬರು ಬರುತ್ತಿತ್ತು. ಆ ದಿನ ಮನೆ ತುಂಬ ಜನ ಇದ್ದರೂ ಸಾವಿನ ಮನೆಯ ಹಾಗೆ ಇರುತ್ತಿತ್ತು. ನಾಗವೇಣಿ ಹಿತ್ತಲಿನ ಬೇವಿನ ಗಿಡದ ಕೆಳಗೆ ಫೋನು ಹಿಡಿದು ಅತ್ತಿಂದಿತ್ತ ತಿರುಗುವಳು.

ಮೊದಲು ಚಾನೆಲ್‌ನವರು ನಮ್ಮ ಮಾತನ್ನು ತೆಳ್ಳಗೆ ಮಾಡಿ ಎಂದರು, ಬೆಂಗಳೂರು ಕಡೆಯ ಜನಕ್ಕೆ ತಿಳಿಯುವುದಿಲ್ಲವಂತೆ. ನಾಗವೇಣಿ ಒಪ್ಪಿದಳು. ನಾನು ಕಲಿಸಿದ್ದನ್ನು ನಾನೇ ಹುಡುಗಿಯ ಬಾಯಿಂದ ಬಿಡಿಸಿದೆ. ಆಮೇಲೆ ಕಥೆಯಲ್ಲಿನ ಅತ್ತೆ ಇನ್ನಷ್ಟು ಕೆಟ್ಟವಳಾಗಬೇಕು ಎಂದರು. ಅದಕ್ಕೂ ಒಪ್ಪಿದಳು. "ಇವೆಲ್ಲಾ ಹೋದ್ರ ಹೋಗ್ಲಿ ಬಿಡಕ್ಕಾ. ಸಾಯೋದೊಂದು ನಾ ಬರದಂಗ ಬಂದ್ರ ಸಾಕು" ಎನ್ನುತ್ತಿದ್ದಳು.

ಸಾಯುವುದು ಅವಳು ಬರೆದ ಹಾಗೆಯೇ ಬಂತು. ಕಾಲುವೆಯ ಪಾವಟಿಗೆಯ ಮೇಲೆ ಒಂದು ಸೀರೆ, ಅರ್ಧ ಸವೆದ ಸೋಪು, ನೀರಿನ ಸದ್ದು. ಬೇರೆ ಏನೂ ಇಲ್ಲ. ಅದು ಪ್ರಸಾರವಾದ ಮಾರನೆಯ ದಿನ ಪಕ್ಕದ ಮನೆಯ ಫಾತಿಮಾಬಿ ಬಂದು, "ಪಾಪ, ಜಾರಿ ಬಿದ್ದದ್ದು ನೋಡ್ರಿ, ನಾವು ಏನೇನೋ ಅಂದ್ವಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಗವೇಣಿಗೆ ಅದನ್ನು ಹೇಳಿದೆ. ಅವಳು ಅವತ್ತು ಎರಡು ರೊಟ್ಟಿ ಹೆಚ್ಚು ಉಂಡಳು.

ಆ ವಾರ ನಂಬರು ಏರಿತು. ಕೆಡುಕು ಹುಟ್ಟಿದ್ದು ಅಲ್ಲಿಯೇ.

ನಡುವೆ, ಹಿರಿಯರಿಗೆ ಎಡೆ ಇಡುವ ಮಹಾನವಮಿ ಅಮಾವಾಸ್ಯೆ ಬಂತು. ಹಳೆಯ ನೆನಪಿನ ದೃಶ್ಯಗಳಿಗೆಂದು ಸಿಂಚನಾ ಇನ್ನೂ ಇದ್ದಳು. ಬಸಮ್ಮ ಹುಲಿಹೈದರದಿಂದ ಒಂದು ಚೀಲ ಹಿಡಿದು ಬಂದಳು. ನಮ್ಮಲ್ಲಿ, ಮುತ್ತೈದೆಯಾಗಿ ಸತ್ತವಳ ಹೆಸರಿನಲ್ಲಿ ವರ್ಷಕ್ಕೊಮ್ಮೆ ಇನ್ನೊಬ್ಬ ಮುತ್ತೈದೆಯನ್ನು ಮಣೆಯ ಮೇಲೆ ಕೂಡಿಸಿ, ಹಸಿರು ಬಳೆ ಇಡಿಸಿ, ಸೆರಗಿನ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಬೇರು, ರವಿಕೆ ಖಣ ಹಾಕಿ, ಹೋಳಿಗೆ ಉಣ್ಣಿಸಿ ಕಳಿಸುತ್ತಾರೆ. ಅವಳು ಉಂಡದ್ದು ಸತ್ತವಳಿಗೆ ಮುಟ್ಟುತ್ತದೆ. ಪ್ರತಿವರ್ಷ ಬಸಮ್ಮ ತನ್ನ ಊರಿನಲ್ಲಿ ಯಾರನ್ನೋ ಕೂಡಿಸುತ್ತಿದ್ದಳು.

"ಈ ವರ್ಸ ಈ ಹುಡುಗಿಗೆ ತುಂಬ್ತೀನ್ರಿ" ಎಂದಳು.

ಸಿಂಚನಾ ಪಾತ್ರದ ಉಡುಪಿನಲ್ಲಿಯೇ ಇದ್ದಳು. ಕೊರಳಲ್ಲಿ ತಾಳಿ, ಹಣೆ ತುಂಬ ಕುಂಕುಮ. ಅವಳಿಗೆ ಮದುವೆಯಾಗಿರಲಿಲ್ಲ. ನನಗೆ ಗೊತ್ತಿತ್ತು, ನಾಗವೇಣಿಗೂ ಗೊತ್ತಿತ್ತು. ಬಸಮ್ಮನಿಗೆ ಕಂಡದ್ದು ತಾಳಿ ಮಾತ್ರ. ನಾಗವೇಣಿ ಬಾಯಿ ತೆರೆದಳು, ನಾನು ಅವಳ ಮೊಣಕೈ ಒತ್ತಿದೆ. ಹುಡುಗಿ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಬಸಮ್ಮ ಐದು ಬೊಗಸೆ ಅಕ್ಕಿ ಹಾಕಿದಳು. ಮೂರನೆಯ ಬೊಗಸೆಯ ಅಕ್ಕಿ ಉಡಿ ತಪ್ಪಿ ನೆಲಕ್ಕೆ ಚೆಲ್ಲಿತು. "ಎಷ್ಟ್ ಸಣ್ಣ ಆಗೀಯವ್ವಾ" ಎಂದಳು, ಬೇರೆ ಯಾರಿಗೋ ಹೇಳಿದ ಹಾಗೆ. ಪಡಸಾಲೆಯಲ್ಲಿ ಇದ್ದ ಅಷ್ಟೂ ಜನ, ಲೈಟಿನವರು, ಮೇಕಪ್ಪಿನವರು, ತಲೆ ತಗ್ಗಿಸಿ ನಿಂತಿದ್ದರು.

ಊಟವಾದ ಮೇಲೆ ಸಿಂಚನಾ ನನ್ನನ್ನು ಒಳಗೆ ಕರೆದು, "ಅಕ್ಕ, ನಾನು ತಗೋಬಾರದಿತ್ತಾ?" ಎಂದು ಕೇಳಿದಳು.

"ಉಡಿ ಒಲ್ಲೆ ಅನಬಾರದವಾ. ಆತು, ತಗೊಂಡಿ. ಇನ್ನ ಅದು ನಿಂದು" ಎಂದೆ.

ಸಂಜೆ ನಾಗವೇಣಿಗೆ ಒಂದು ವಿಷಯ ತಿಳಿಯಿತು. ಉಡಿ ತುಂಬುವಾಗ ಕ್ಯಾಮೆರಾ ನಡೆಯುತ್ತಲೇ ಇತ್ತು. ಯಾರೂ ನಿಲ್ಲಿಸು ಎಂದಿರಲಿಲ್ಲ, ಕ್ಯಾಮೆರಾದವನೂ ಅಳುತ್ತಿದ್ದ. "ಅದನ್ನಷ್ಟ್ ಅಳಿಸಿಬಿಡಪಾ" ಎಂದಳು. ಅವನು, "ಮೇಡಂ, ಮೆಮೊರಿ ಕಾರ್ಡ್ ಆಗಲೇ ಬೆಂಗಳೂರು ಬಸ್ಸಿಗೆ ಕೊಟ್ಟುಬಿಟ್ವಲ್ಲ" ಎಂದ. ಫೋನು ಮಾಡಿದರು. ಆ ಕಡೆಯವರು, ಆಗಲಿ ಮೇಡಂ, ಅದನ್ನು ಬಳಸುವುದಿಲ್ಲ ಎಂದರು.

ಅದಾದ ವಾರವೇ ಶೂಟಿಂಗಿಗೆ ಎರಡು ದಿನ ಬಿಡುವು. ಎಲ್ಲರೂ ಊರಿಗೆ ಹೋಗಿದ್ದಾಗ ಇಬ್ಬರು ಗಂಡಸರು ಬಂದರು, ಚಾನೆಲ್‌ನವರು ಕಳಿಸಿದ್ದಾರೆ ಎಂದರು. ಟೇಪು ಹಿಡಿದು ಬಾಗಿಲ ಅಗಲ, ಕಂಬದ ಸುತ್ತಳತೆ, ಬೆಳಕಿಂಡಿ, ಎಲ್ಲ ಅಳೆದರು. ದೀಪದ ಗೂಡಿನ ಮಸಿಯನ್ನು ಹತ್ತಿರದಿಂದ ಫೋಟೊ ತೆಗೆದರು. ನೆಲದ ಕಲ್ಲು ಒಡೆದ ಜಾಗಕ್ಕೂ ಒಂದು ಫೋಟೊ. ರಿಪೇರಿ ಮಾಡಿಸಿಕೊಡುತ್ತಾರೇನೋ ಎಂದುಕೊಂಡು ಅವಲಕ್ಕಿ, ಚಹಾ ಕೊಟ್ಟು ಕಳಿಸಿದೆ.

ನಾಗವೇಣಿ ತಿರುಗಿ ಬಂದಾಗ, "ನಿಮ್ಮ ಮಂದಿ ಬಂದು ಮನಿ ಅಳತಿ ತಗೊಂಡು ಹೋದ್ರಲ್ಲ, ಏನ್ ಮಾಡಾಕತ್ತೀರಿ?" ಎಂದೆ.

ಅವಳಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಚಹಾ ಹಾಗೆಯೇ ಕಟ್ಟೆಯ ಮೇಲೆ ಇಟ್ಟಳು. "ಸೆಟ್ ಹಾಕ್ತಾರಕ್ಕಾ. ಬೆಂಗಳೂರಾಗ ಈ ಮನಿನ್ನ ಕಟ್ತಾರ."

"ಈ ಮನಿ ಇಲ್ಲೇ ಐತಲ್ಲ?"

"ಇಲ್ಲಿ ಮನಿ ಐತಿ, ನಾನೂ ಅದೀನಿ. ಅಲ್ಲಿ ಮನಿ ಅಷ್ಟ ಇರ್ತೈತಿ."

ಮರುದಿನ ಮೇಘನಾ ಬಂದರು. ಪಡಸಾಲೆಯಲ್ಲಿ ಚಾಪೆಯ ಮೇಲೆ ಇಬ್ಬರೂ ಎದುರುಬದುರು ಕೂತರು. ನಾನು ಒಳಗೆ ಅವರೆಕಾಯಿ ಸುಲಿಯುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಜನ ಶಾಂತಾನ ತುಂಬ ಹಚ್ಕೊಂಡಿದಾರೆ, ನಾಗವೇಣಿ. ಅವಳು ವಾಪಸ್ ಬರಬೇಕು."

"ಸತ್ತಾಳ್ರಿ ಆಕಿ."

"ಅದಕ್ಕೇ ಹೇಳ್ತಿರೋದು. ಆತ್ಮ ಆಗಿ ಬರಲಿ. ನ್ಯಾಯ ಕೇಳೋಕೆ."

"ಆಕಿ ಜಾರಿ ಬಿದ್ದಾಳ. ಯಾರ ಹಂತೇಲಿ ನ್ಯಾಯ ಕೇಳ್ಬೇಕು? ಪಾಚಿ ಹಂತೇಲಿ?"

ಮೂಲೆಯಿಂದ ಅತ್ತೆ ಲವಂಗ ಕೆನ್ನೆಗೆ ಸರಿಸಿಕೊಂಡು, "ಸತ್ತವರು ಬರೋದಾದ್ರ ನಮ್ಮ ಮನಿಯವರನ್ನೂ ಒಂದೀಟು ಕರೀರಿ. ಬದುವಿನ ಜಗಳ ಹಂಗಽ ಬಿಟ್ಟು ಹೋಗ್ಯಾರ" ಎಂದಳು. ಮೇಘನಾ ನಕ್ಕರು. ನಾಗವೇಣಿ ನಗಲಿಲ್ಲ.

"ನಮ್ಮವ್ವಗ ಮಾತು ಕೊಟ್ಟೀನಿ ಮೇಡಂ. ಕಥಿ ನಂದು."

ಮೇಘನಾ ದನಿ ತಗ್ಗಿಸಿದರು. "ಕಥೆ ನಿಮ್ಮದೇ. ಇಲ್ಲ ಅಂತ ಯಾರೂ ಅಂದಿಲ್ಲ. ಸೀರಿಯಲ್ ಚಾನೆಲ್‌ದು. ನೀವು ಸೈನ್ ಮಾಡಿರೋದರಲ್ಲಿ ಹಾಗೇ ಇದೆ. ನಾನು ನಿಮ್ಮ ಪರವಾಗಿ ಎರಡು ಮೀಟಿಂಗ್‌ನಲ್ಲಿ ಮಾತಾಡಿದೀನಿ, ನಂಬಿ. ನನ್ನ ಮೇಲೂ ಜನ ಇದಾರೆ. ನೀವೇ ಬರೆದರೆ ಒಳ್ಳೇದು. ಇಲ್ಲ ಅಂದ್ರೆ ಬರೆಯೋರು ಇದಾರೆ."

ಅವರು ಊಟ ಮಾಡದೆ ಹೊರಟರು. ಮೊಸರನ್ನ ಕಲಸಿಟ್ಟಿದ್ದೆ, ಹಾಗೇ ಉಳಿಯಿತು.

ನಾಗವೇಣಿ ಅಡಿಗೆಮನೆಗೆ ಬಂದು ನನ್ನ ಎದುರಿಗೆ ಕೂತು ತಾನೂ ಅವರೆಕಾಯಿ ಸುಲಿಯತೊಡಗಿದಳು. ಬಹಳ ಹೊತ್ತಾದ ಮೇಲೆ, "ನಾನಽ ಬರದ್ರ ಹೆಂಗಕ್ಕಾ? ಯಾರಿಗೂ ತ್ರಾಸ ಕೊಡಲಾರದಂಗ, ಛಲೋ ಮಾಡಿ ಬರೀತೀನಿ. ಬ್ಯಾರೇದವರು ಬರದ್ರ ಹಸಿ ಸೀರಿ ಉಡಿಸಿ ಕುಣಸ್ತಾರ" ಎಂದಳು.

"ನಿಮ್ಮವ್ವ ಏನಂದಿದ್ಲು? ಕೆಟ್ಟ ದೆವ್ವ ಮಾಡಬ್ಯಾಡ ಅಂದಿದ್ಲೇನು, ದೆವ್ವನಽ ಮಾಡಬ್ಯಾಡ ಅಂದಿದ್ಲೇನು?"

ಅವಳು ತಲೆ ಎತ್ತಲಿಲ್ಲ. ಸುಲಿದ ಕಾಳು, ಸಿಪ್ಪೆ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದಳು. ನಾನು ಆಮೇಲೆ ಬೇರೆ ಮಾಡಿದೆ. ಆ ಸಂಜೆಯೇ ಬರೆಯುವುದಿಲ್ಲ ಎಂದು ಫೋನಿನಲ್ಲಿ ಹೇಳಿಬಿಟ್ಟಳು. ಸೂಟ್‌ಕೇಸು ಹಿಡಿದು ತಾವರಗೇರಾ ಬಸ್ಸು ಹತ್ತಿದಳು. ಅಲ್ಲಿ ಸೋದರಮಾವನ ಮನೆ. ತಾಯಿಯ ಹತ್ತಿರ ಹೋಗಲು ಅವಳಿಗೆ ಧೈರ್ಯವಾಗಲಿಲ್ಲ.

ಅವಳು ಹೋದ ಮೇಲೆ ಹೊಸ ನಿರ್ದೇಶಕ ಒಂದು ದಿನದ ಮಟ್ಟಿಗೆ ಬಂದ. ನಟರು ಯಾರೂ ಇರಲಿಲ್ಲ. ಗಂಗಾವತಿ ಬಜಾರಿನಿಂದ ಲೋಬಾನ ತರಿಸಿ, ಕೆಂಡದ ತಟ್ಟೆಗಳನ್ನು ಕೋಣೆಕೋಣೆಗೆ ಇಡಿಸಿ, ಮನೆಯೆಲ್ಲ ಹೊಗೆ ತುಂಬಿಸಿದ. ಖಾಲಿ ಪಡಸಾಲೆ ತೆಗೆದರು. ಖಾಲಿ ಅಡಿಗೆಮನೆ ತೆಗೆದರು. ದೇವರ ಕೋಣೆಯ ಬಾಗಿಲಿಗೆ ದಾರ ಕಟ್ಟಿ ಆ ಕಡೆಯಿಂದ ಒಬ್ಬ ಎಳೆದ, ಬಾಗಿಲು ತಾನಾಗಿ ತೆರೆಯಿತು. ನಾವು, ಮನೆಯವರು, ಹೊರಗೆ ಕಟ್ಟೆಯ ಮೇಲೆ ಕೂತಿದ್ದೆವು. ಒಳಗೆ ಯಾರೂ ಇಲ್ಲದ ನಮ್ಮ ಮನೆಯನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಅವರು ಹೋದ ಮೇಲೂ ಒಳಗೆ ಕಾಲಿಡಲು ನನಗೆ ಒಂದು ಗಳಿಗೆ ಬೇಕಾಯಿತು. ಅತ್ತೆ ಹೊಸ್ತಿಲಲ್ಲಿ ನಿಂತು, "ಯಾರದಾರ ಒಳಗ?" ಎಂದು ಕೇಳಿದಳು. ಅವಳು ತಮಾಷೆಗೆ ಕೇಳಿದ್ದಲ್ಲ.

ಸಿಂಚನಾ ಫೋನು ಮಾಡಿದಳು. ದೆವ್ವದ ಪಾತ್ರ ಮಾಡುವುದಿಲ್ಲ ಎಂದು ಬಿಟ್ಟುಬಂದಿದ್ದಳು. "ಆ ಅಮ್ಮ ನನಗೆ ಊಟ ಹಾಕಿದಾರೆ ಅಕ್ಕ. ಅದೇ ಮುಖ ಇಟ್ಕೊಂಡು ನಾನು ಹೆದರಿಸಲ್ಲ" ಎಂದಳು. ನನಗೆ ಸಮಾಧಾನವಾಯಿತು. ಮುಖವೇ ಇಲ್ಲದೆ ಏನು ಮಾಡುತ್ತಾರೆ ಎಂದುಕೊಂಡೆ. ಎರಡೇ ದಿನಕ್ಕೆ ಟಿವಿಯಲ್ಲಿ ಕೆಳಗೆ ಅಕ್ಷರಗಳು ಓಡಿದವು: ಇನ್ನು ಮುಂದೆ ಶಾಂತಾ ಪಾತ್ರದಲ್ಲಿ ಇಂಥವರು.

ದೆವ್ವದ ಕಂತು ಬರುವ ದಿನ ಬಸಮ್ಮ ತಾನಾಗಿ ಹೊರಟು ಬಂದಳು. ಮೊದಲು ತಾವರಗೇರಾಕ್ಕೆ ಹೋಗಿ ಮಗಳನ್ನೂ ಕರೆದುಕೊಂಡು ಬಂದಿದ್ದಳು. ಯಾರು ಅವಳಿಗೆ ಹೇಳಿದರೋ ಗೊತ್ತಿಲ್ಲ. "ನೋಡಿದ್ರ ಅದ ಮನ್ಯಾಗ ಕುಂತು ನೋಡ್ತೀನಿ" ಎಂದಳಂತೆ. ನಾಗವೇಣಿ ಬಾಗಿಲಲ್ಲಿಯೇ, "ಯವ್ವಾ, ಬ್ಯಾಡ" ಎಂದಳು. ಬಸಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಟಿವಿಯ ಎದುರಿಗೆ ಕೂತಳು.

ದೀಪ ಹಚ್ಚುವ ಹೊತ್ತಿಗೆ ಶುರುವಾಯಿತು. ಮೊದಲು ಹೆಸರುಗಳು. 'ಮೂಲ ಕಥೆ: ನಾಗವೇಣಿ' ಎಂದು ಬಂತು. ತನ್ನ ಹೆಸರು ತೆಗೆಯಿರಿ ಎಂದು ಅವಳು ಚಾನೆಲ್‌ನವರನ್ನು ಕೇಳಿದ್ದಳಂತೆ. ಅದು ನಿಮ್ಮ ಹಕ್ಕು ಮೇಡಂ, ತೆಗೆಯುವ ಹಾಗಿಲ್ಲ ಎಂದಿದ್ದರು. ಬಸಮ್ಮನಿಗೆ ಓದು ಬಾರದು. ನಾವು ಯಾರೂ ಓದಿ ಹೇಳಲಿಲ್ಲ.

ಆಮೇಲೆ ನಮ್ಮ ಮನೆ ಬಂತು. ಅದೇ ನಾಲ್ಕು ಕಂಬ, ಗೂಡಿನ ಮಸಿ, ಒಡೆದ ಕಲ್ಲು. ನಾವು ಕೂತ ಜಾಗ ಟಿವಿಯಲ್ಲಿ ಕಾಣುತ್ತಿತ್ತು, ಅಲ್ಲಿ ನಾವಿರಲಿಲ್ಲ. ಹೊಗೆ ತೆವಳುತ್ತಿತ್ತು. ದೇವರ ಕೋಣೆಯ ಬಾಗಿಲು ತಾನಾಗಿ ತೆರೆಯಿತು. ಅತ್ತೆ ಟಿವಿ ಬಿಟ್ಟು ತಿರುಗಿ, ನಿಜವಾದ ಬಾಗಿಲನ್ನು ನೋಡಿದಳು. ನಾನೂ ನೋಡಿದೆ. ಮುಚ್ಚಿತ್ತು.

ಬೆಂಗಳೂರಿನಲ್ಲಿ ಕಟ್ಟಿದ ಅದೇ ಬಾಗಿಲಿನಿಂದ ಹಸಿ ಸೀರೆಯ ಹೆಂಗಸು ಬಂದಳು. ಯಾವ ಮುಖವೋ. ನಾಗವೇಣಿ ತಾಯಿಯನ್ನು ನೋಡುತ್ತಿದ್ದಳು, ಟಿವಿಯನ್ನಲ್ಲ. ಬಸಮ್ಮನ ಮುಖದಲ್ಲಿ ಏನೂ ಆಗಲಿಲ್ಲ. "ಇಕಿ ಯಾರೋ" ಎಂದಳು ಮೆಲ್ಲಗೆ, ಪರಿಚಯವಿಲ್ಲದವರ ಮನೆಗೆ ಬಂದವಳ ಹಾಗೆ. ನಾಗವೇಣಿ ಉಸಿರು ಬಿಟ್ಟಳು.

ಆಗ ಆ ಹಸಿ ಸೀರೆಯವಳು ಯಾಕೆ ಬಂದಳೆಂದು ತೋರಿಸಿದರು. ಸತ್ತವಳ ಹೆಸರಿನಲ್ಲಿ ತಾಯಿ ಉಡಿ ತುಂಬಿ ಕರೆದಳು, ಅದಕ್ಕೇ ಬಂದಳು ಎಂದು. ತಾಯಿಯ ಮುಖ ತೋರಿಸಲಿಲ್ಲ. ಎರಡು ಕೈ, ಬೊಗಸೆ ತುಂಬ ಅಕ್ಕಿ, ತುಂಬ ನಿಧಾನವಾಗಿ. ಹೆಬ್ಬೆರಳಿನ ಒಡೆದ ಉಗುರು, ಮಣಿಕಟ್ಟಿನ ಹಚ್ಚೆ. ಮೂರನೆಯ ಬೊಗಸೆಯ ಅಕ್ಕಿ ನೆಲಕ್ಕೆ ಚೆಲ್ಲಿತು. ಅಕ್ಕಿ ಉಡಿಗೆ ಬಿದ್ದದ್ದನ್ನು ತೋರಿಸಿದಾಗ ಸೀರೆ ಬೇರೆ, ಮಡಿಲು ಬೇರೆ. ಹಸಿ ಸೀರೆಯ ಹೆಂಗಸು ಆ ಉಡಿ ಹೊತ್ತು ನಗುತ್ತ ಎದ್ದಳು.

ನಾಗವೇಣಿ ಎದ್ದು ಟಿವಿಯ ಸ್ವಿಚ್ಚು ಒತ್ತಿದಳು.

ಬಸಮ್ಮ ಆರಿದ ಟಿವಿಯನ್ನೇ ನೋಡುತ್ತ, "ಕೈ ನನ್ನವು" ಎಂದಳು. ಆಮೇಲೆ, "ಉಡಿ ಯಾರದು?" ಎಂದಳು.

ನಾಗವೇಣಿ ತಾಯಿಯ ಕಾಲ ಹತ್ತಿರ ಕುಸಿದು ಕೂತು, "ನಾ ಬರದಿಲ್ಲವ್ವಾ. ನಾ ಅಲ್ಲ" ಎಂದಳು.

"ನೀ ಬರದಿಲ್ಲ. ಗೊತ್ತೈತಿ. ಕರದದ್ದು ನಾನು ಅಂತ ತೋರಿಸ್ಯಾರಲ್ಲ."

ಹೊರಗೆ ಓಣಿಯಲ್ಲಿ ಎಲ್ಲ ಮನೆಗಳಿಂದಲೂ ಅದೇ ಹಾಡು, ಅದೇ ಗೆಜ್ಜೆಯ ಸದ್ದು ಬರುತ್ತಿತ್ತು. ಮುಂದಿನ ವರ್ಷದಿಂದ ಯಾರ ಹೆಸರಿನಲ್ಲಿ ಉಡಿ ತುಂಬುತ್ತೀಯ, ಯಾರು ಒಡ್ಡುತ್ತಾರೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಮರುವರ್ಷ ಬಸಮ್ಮ ತುಂಬಲಿಲ್ಲ. ಆಮೇಲಿನ ವರ್ಷಗಳಲ್ಲೂ ತುಂಬಿದ ಸುದ್ದಿ ಬರಲಿಲ್ಲ.

ನಾನು ಎದ್ದು ತಾಟು ಇಟ್ಟೆ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಸ್ವಲ್ಪ ಅನ್ನ, ಮಜ್ಜಿಗೆ. ಯಜಮಾನರು ಅಂಗಡಿಯಿಂದ ಬಂದವರು ಎಲ್ಲರ ಮುಖ ನೋಡಿ, ಕೂತು ಉಂಡರು. ನಾಗವೇಣಿ ಒಂದು ರೊಟ್ಟಿಯನ್ನು ಮುರಿದು ಮುರಿದು ಬಿಟ್ಟಳು. ಬಸಮ್ಮ ಮಜ್ಜಿಗೆ ಅನ್ನವನ್ನು ಕೈಯಿಂದ ಕಲಸಿಕೊಳ್ಳಲಿಲ್ಲ, ಚಮಚೆ ಕೇಳಿದಳು. ನಮ್ಮ ಮನೆಯಲ್ಲಿ ಅವಳು ಚಮಚೆ ಕೇಳಿದ್ದು ಅದೇ ಮೊದಲು.

ಪಡಸಾಲೆಯಲ್ಲಿ ಸಾಲಾಗಿ ಹಾಸಿದೆ. ಹಾಸಿಗೆಯಲ್ಲಿ ಲೋಬಾನದ ವಾಸನೆ ಇನ್ನೂ ಇತ್ತು. ಅತ್ತೆ ಮೊದಲು ಮಲಗಿದಳು. ಆಮೇಲೆ ನಾಗವೇಣಿ, ಅತ್ತೂ ಅತ್ತೂ ದಣಿದು. ನನಗೆ ಕಣ್ಣು ಮುಚ್ಚುವವರೆಗೂ ಬಸಮ್ಮ ಗೋಡೆಗೆ ಒರಗಿ ಕೂತೇ ಇದ್ದಳು, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು.